ತಿಥಿ ಮುಗಿದ ಮೇಲೆ: ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಹದಿಹರೆಯದವರ ಮುಂದಿನ ಎರಡು ವರ್ಷ

ದಾವಣಗೆರೆ, ಚಿತ್ರದುರ್ಗದ ಕಡೆ ಸಾವಿನ ಮನೆಗೆ ಜನ ಬರುವುದಕ್ಕೆ ಒಂದು ಕ್ರಮವಿದೆ. ಮಣ್ಣಿಗೆ ಊರೇ ಸೇರುತ್ತದೆ. ಮೂರನೇ ದಿನದ ಹಾಲು-ತುಪ್ಪಕ್ಕೆ ಹತ್ತಿರದವರು ಉಳಿಯುತ್ತಾರೆ. ಹನ್ನೊಂದನೇ ದಿನಕ್ಕೆ ತಿಥಿಯೋ ಶಿವಗಣಾರಾಧನೆಯೋ ಆಗುತ್ತದೆ. ಮುಸ್ಲಿಮರ ಮನೆಗಳಲ್ಲಿ ನಲವತ್ತನೇ ದಿನದವರೆಗೂ ಬಂದುಹೋಗುವವರು ಇರುತ್ತಾರೆ. ಅಷ್ಟು ದಿನ ಅಡುಗೆ, ನೀರು, ದನಕರು ಎಲ್ಲವನ್ನೂ ಯಾರೋ ಒಬ್ಬರು ನೋಡಿಕೊಳ್ಳುತ್ತಾರೆ. ಕಾರ್ಯ ಮುಗಿದ ಮರುದಿನ ಎಲ್ಲರೂ ಬಸ್ಸು ಹತ್ತುತ್ತಾರೆ. ಹದಿನಾಲ್ಕು ವರ್ಷದ ಹುಡುಗನಿಗೋ ಹುಡುಗಿಗೋ ನಿಜವಾದ ಕಷ್ಟ ಶುರುವಾಗುವುದು ಆಮೇಲೆ.

ಇದು ಬರೀ ಅನಿಸಿಕೆಯಲ್ಲ. ಅಮೆರಿಕದ ಬೋಸ್ಟನ್ ಭಾಗದಲ್ಲಿ ಹಾರ್ವರ್ಡ್ ಸಂಶೋಧಕರು ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 70 ಕುಟುಂಬಗಳ 125 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಮೊದಲ ಕೆಲವು ತಿಂಗಳಲ್ಲಿ ಈ ಮಕ್ಕಳಿಗೂ ಬೇರೆ ಮಕ್ಕಳಿಗೂ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ವರ್ಷದ ಹೊತ್ತಿಗೆ ಐದರಲ್ಲಿ ಒಬ್ಬರಿಗೆ ಗಂಭೀರ ತೊಂದರೆ ಕಾಣಿಸಿತು. ತಂದೆ ಅಥವಾ ತಾಯಿ ಹಠಾತ್ತನೆ ತೀರಿಕೊಂಡ ಮಕ್ಕಳನ್ನು ಪಿಟ್ಸ್‌ಬರ್ಗ್‌ನಲ್ಲಿ ಸುಮಾರು ಮೂರು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದ್ದನ್ನೇ ಹೇಳುತ್ತದೆ. ಶೇ 59ರಷ್ಟು ಮಕ್ಕಳ ದುಃಖ ಕಾಲ ಕಳೆದಂತೆ ತಾನಾಗಿ ಇಳಿಯಿತು. ಶೇ 31ರಷ್ಟು ಮಕ್ಕಳಿಗೆ ಅದು ನಿಧಾನವಾಗಿ ಇಳಿಯಿತು. ಉಳಿದ ಶೇ 10ರಷ್ಟು ಮಕ್ಕಳ ದುಃಖ ಸುಮಾರು ಮೂರು ವರ್ಷವಾದರೂ ತೀವ್ರವಾಗಿಯೇ ಉಳಿದಿತ್ತು. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ ಎನ್ನುವುದು ಸಮಾಧಾನದ ಸಂಗತಿ. ಚೇತರಿಸಿಕೊಳ್ಳದವರು ಯಾರೆಂದು ಗೊತ್ತಾಗುವ ಹೊತ್ತಿಗೆ ಸುತ್ತ ಯಾರೂ ಉಳಿದಿರುವುದಿಲ್ಲ ಎನ್ನುವುದೇ ಚಿಂತೆಯ ವಿಷಯ. ನಮ್ಮ ಕಡೆ ನೆರವೆಲ್ಲ ಮೊದಲ ಹನ್ನೊಂದು ದಿನಕ್ಕೆ ಸುರಿದು ಬತ್ತಿಹೋಗುತ್ತದೆ. ಬೇಕಾಗಿರುವುದು ಎರಡು ವರ್ಷ ಹರಿಯುವ ನೆರವು.

ಆ ವಯಸ್ಸಿನ ದುಃಖ ಹೇಗಿರುತ್ತದೆ

ಹದಿಹರೆಯದವರಿಗೆ ಸಾವು ಏನೆಂದು ಪೂರ್ತಿ ಗೊತ್ತಿರುತ್ತದೆ. ಆದರೆ ಉಕ್ಕುವ ಭಾವನೆಯನ್ನು ತಡೆದು, ಅದಕ್ಕೊಂದು ಹೆಸರಿಟ್ಟು ಹೇಳಿಕೊಳ್ಳಬೇಕಾದ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಅವರ ದುಃಖ ಅಳುವಾಗಿ ಬರುವುದಕ್ಕಿಂತ ಹೆಚ್ಚಾಗಿ ಸಿಟ್ಟಾಗಿ, ಹೊಟ್ಟೆನೋವಾಗಿ, ತಲೆನೋವಾಗಿ, ಬಾಗಿಲು ಹಾಕಿಕೊಂಡು ಕೂರುವುದಾಗಿ ಬರುತ್ತದೆ. ಬೆಳಿಗ್ಗೆ ಮಣ್ಣು ಮಾಡಿ ಬಂದ ಹುಡುಗ ಸಂಜೆ ಕ್ರಿಕೆಟ್ ಬ್ಯಾಟು ಹಿಡಿದು ಹೋಗಬಹುದು. ಅವನ ಮನಸ್ಸು ಕಲ್ಲು ಎಂದು ನೆಂಟರು ಅಂದುಬಿಡುತ್ತಾರೆ. ಆ ವಯಸ್ಸಿನ ಮನಸ್ಸು ದುಃಖವನ್ನು ಒಂದೇ ಸಲಕ್ಕೆ ಹೊರುವುದಿಲ್ಲ. ಸ್ವಲ್ಪ ಹೊರುತ್ತದೆ, ಇಳಿಸುತ್ತದೆ, ಮತ್ತೆ ಹೊರುತ್ತದೆ. ಆಟಕ್ಕೆ ಹೋಗಿದ್ದು ಆರೋಗ್ಯದ ಗುರುತು. ಅದನ್ನು ತಪ್ಪೆಂದು ಎತ್ತಿ ಆಡಿದರೆ ಅವನು ಮುಂದೆ ಆಟವನ್ನೂ ಬಿಡುತ್ತಾನೆ, ದುಃಖವನ್ನೂ ಬಚ್ಚಿಡುತ್ತಾನೆ.

ಇನ್ನೊಂದು ಭಾರ ತಪ್ಪಿತಸ್ಥ ಭಾವನೆಯದು. ಅಪ್ಪನ ಜೊತೆ ಬೆಳಿಗ್ಗೆ ಮೊಬೈಲಿಗಾಗಿ ಜಗಳವಾಗಿತ್ತು, ಮಧ್ಯಾಹ್ನ ಹೈವೇಯಲ್ಲಿ ಅಪಘಾತವಾಯಿತು. ಅಮ್ಮ ಎದೆ ನೋವೆಂದಾಗ ಗ್ಯಾಸ್ಟ್ರಿಕ್ ಇರಬೇಕು ಎಂದು ಮಗಳು ಕಾಲೇಜಿಗೆ ಹೋಗಿದ್ದಳು. ಇಂಥ ಲೆಕ್ಕಾಚಾರ ಹದಿಹರೆಯದವರ ತಲೆಯಲ್ಲಿ ತಿಂಗಳುಗಟ್ಟಲೆ ಸುತ್ತುತ್ತದೆ. ತಮ್ಮನ್ನೇ ದೂಷಿಸಿಕೊಳ್ಳುವುದು, ಯಾರನ್ನಾದರೂ ಹೊಣೆ ಮಾಡುತ್ತಲೇ ಇರುವುದು, ಮೊದಲೇ ಖಿನ್ನತೆ ಇದ್ದದ್ದು, ಉಳಿದ ಪಾಲಕರು ತಾವೇ ಕುಸಿದಿರುವುದು: ತೊಂದರೆ ಉಳಿದುಬಿಡುವ ಮಕ್ಕಳಲ್ಲಿ ಇವು ಮತ್ತೆ ಮತ್ತೆ ಕಾಣುತ್ತವೆ. "ನಿಂದೇನೂ ತಪ್ಪಿಲ್ಲ ಬಿಡು" ಎಂಬ ಒಂದು ಮಾತಿಗೆ ಈ ಭಾವನೆ ಕರಗುವುದಿಲ್ಲ. ಆ ದಿನ ಏನೇನಾಯಿತು ಎಂದು ಅವರ ಬಾಯಿಂದಲೇ ಬೆಳಿಗ್ಗೆಯಿಂದ ಹೇಳಿಸಬೇಕು. ಆಗ ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಜೊತೆಗೆ ಕೂತು ಬಿಡಿಸಬೇಕು. ವೈದ್ಯಕೀಯ ಕಾರಣವಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರರಿಂದಲೇ ಹತ್ತು ನಿಮಿಷ ವಿವರ ಕೇಳಿಸುವುದು ಬಹಳ ಕೆಲಸ ಮಾಡುತ್ತದೆ.

ಮೊದಲ ದಿನಗಳಲ್ಲಿ ಎರಡು ವಿಷಯ ಮುಖ್ಯ. ಒಂದು, ಸುದ್ದಿಯನ್ನು ಹತ್ತಿರದವರೇ ನೇರವಾಗಿ ಹೇಳಬೇಕು. ಅಪ್ಪನಿಗೆ ಹುಷಾರಿಲ್ಲ ಎಂದು ಹಾಸ್ಟೆಲಿನಿಂದ ಕರೆತಂದು ಅಂಗಳದ ಶಾಮಿಯಾನ ಕಂಡು ತಿಳಿಯುವಂತೆ ಮಾಡಿದರೆ ಮಗು ಮುಂದೆ ದೊಡ್ಡವರ ಯಾವ ಮಾತನ್ನೂ ನಂಬುವುದಿಲ್ಲ. ಅಷ್ಟಕ್ಕೂ ಅವರು ಮನೆ ಮುಟ್ಟುವ ಮೊದಲೇ ವಾಟ್ಸಾಪ್ ಸ್ಟೇಟಸ್‌ನಲ್ಲಿ 'ಓಂ ಶಾಂತಿ' ಬಂದಿರುತ್ತದೆ. ಎರಡು, ದೇಹ ನೋಡುವುದು, ಕಾರ್ಯದಲ್ಲಿ ಕೈಜೋಡಿಸುವುದು ಅವರ ಆಯ್ಕೆಗೆ ಬಿಟ್ಟದ್ದು. ಮರಣೋತ್ತರ ಪರೀಕ್ಷೆ ಆಗಿದ್ದರೆ ಮುಖ ಎಷ್ಟು ಕಾಣುತ್ತದೆ, ಎಲ್ಲೆಲ್ಲಿ ಬಟ್ಟೆ ಸುತ್ತಿರುತ್ತದೆ ಎಂದು ಮೊದಲೇ ಹೇಳಿ. ಹಿರಿಮಗ ಎಂಬ ಕಾರಣಕ್ಕೆ ಹದಿಮೂರು ವರ್ಷದವನನ್ನು ಬಲವಂತಕ್ಕೆ ಮುಂದೆ ನಿಲ್ಲಿಸುವುದೂ ಹೆಣ್ಣುಮಗಳು ಎಂಬ ಕಾರಣಕ್ಕೆ ಅವಳನ್ನು ಒಳಕೋಣೆಯಲ್ಲೇ ಕೂರಿಸುವುದೂ ಒಂದೇ ಬಗೆಯ ತಪ್ಪು.

ಸಾವಿಗಿಂತ ಸಾವಿನ ನಂತರದ ಬದಲಾವಣೆ

ಮನಸ್ಸು ಕೆಡುವುದು ಸಾವಿನಿಂದ ಮಾತ್ರವಲ್ಲ. ಸಾವಿನ ಬೆನ್ನಿಗೆ ಬರುವ ಬದಲಾವಣೆಗಳ ಸಾಲಿನಿಂದ ಅದು ಇನ್ನೂ ಹೆಚ್ಚು ಕೆಡುತ್ತದೆ. ದುಡಿಯುವವರು ಹೋದರೆ ಮೂರು ತಿಂಗಳೊಳಗೆ ಮನೆ ಬದಲಾಗಬಹುದು, ಶಾಲೆ ಬದಲಾಗಬಹುದು, ಅಜ್ಜಿ ಊರಿಗೆ ಹೋಗಬೇಕಾಗಬಹುದು. ಒಂದು ಸಾವಿನ ಜೊತೆಗೆ ಗೆಳೆಯರು, ಮೇಷ್ಟ್ರು, ಓಣಿ ಎಲ್ಲವೂ ಕೈತಪ್ಪುತ್ತವೆ. ತಡೆಯಬಹುದಾದ ನಷ್ಟಗಳನ್ನು ತಡೆಯುವುದೇ ಮೊದಲ ಚಿಕಿತ್ಸೆ ಎನ್ನಬೇಕು.

"ಇನ್ಮೇಲೆ ಮನೆ ಜವಾಬ್ದಾರಿ ನಿಂದೇ ಕಣಪ್ಪಾ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಹುಡುಗ ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾನೆ. ಒಂಬತ್ತನೇ ಕ್ಲಾಸು ಬಿಟ್ಟು ದಾವಣಗೆರೆಯ ಮಂಡಕ್ಕಿ ಭಟ್ಟಿಗೋ ಗ್ಯಾರೇಜಿಗೋ ಸೇರುತ್ತಾನೆ. ಚನ್ನಗಿರಿ ಕಡೆಯಾದರೆ ಅಡಿಕೆ ಸುಲಿಯುವ ಕೆಲಸ, ಚಳ್ಳಕೆರೆ ಕಡೆಯಾದರೆ ಶೇಂಗಾ ಹೊಲದ ಕೂಲಿ. ಹುಡುಗಿ ಅಡುಗೆಮನೆ ಹಿಡಿಯುತ್ತಾಳೆ, ತಮ್ಮ ತಂಗಿಯರಿಗೆ ತಾಯಿಯಾಗುತ್ತಾಳೆ. ಎಲ್ಲ ಕೆಲಸವೂ ಕೆಟ್ಟದ್ದಲ್ಲ. ಸಂಜೆ ಹಾಲು ಹಾಕಿ ಬರುವುದು, ತಂಗಿಗೆ ಲೆಕ್ಕ ಹೇಳಿಕೊಡುವುದು ಇಂಥ ಸಣ್ಣ, ಗೊತ್ತಾದ, ದಿನಕ್ಕೆ ಒಂದು ತಾಸು ಮೀರದ ಕೆಲಸ ಮಗುವಿಗೆ ಆಧಾರ ಕೊಡುತ್ತದೆ. ಕೊನೆಯೇ ಕಾಣದ ಕೆಲಸ ಕೆಡಿಸುತ್ತದೆ. ಸಾಲದವರಿಗೆ ಉತ್ತರ ಕೊಡುವುದು, ರಾತ್ರಿ ಅಮ್ಮನನ್ನು ಕಾಯುವುದು, ಮನೆ ಖರ್ಚಿನ ಚಿಂತೆ ಹೊರುವುದು ಹದಿನೈದು ವರ್ಷದವರ ಕೆಲಸವಲ್ಲ.

ಸಾಲದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಾರದ ಕಂತು ವಸೂಲಿಗೆ ಬಂದವರಿಗೆ ಬಾಗಿಲು ತೆಗೆಯುವುದು ಎಷ್ಟೋ ಮನೆಗಳಲ್ಲಿ ಮಕ್ಕಳೇ. ತೀರಿಕೊಂಡವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಸಹಿ ಹಾಕದ ಅಪ್ರಾಪ್ತ ಮಗ ಸ್ವಂತವಾಗಿ ಸಾಲಗಾರನಾಗುವುದಿಲ್ಲ. ಸಂಘದ, ಮೈಕ್ರೋಫೈನಾನ್ಸ್ ಸಾಲಗಳಿಗೆ ಸಾಮಾನ್ಯವಾಗಿ ಜೀವವಿಮೆ ಸೇರಿಸಿರುತ್ತಾರೆ, ಪಾಸ್‌ಪುಸ್ತಕ ತೆಗೆದು ವಿಮೆ ಇದೆಯೇ ಎಂದು ಲಿಖಿತವಾಗಿ ಕೇಳಬೇಕು. ಬೆದರಿಸಿ ವಸೂಲಿ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಇಷ್ಟನ್ನು ಮನೆಯ ದೊಡ್ಡವರೊಬ್ಬರು ತಿಳಿದುಕೊಂಡು ಆ ಹುಡುಗನಿಗೆ ಹೇಳಿದರೆ ಅವನ ಅರ್ಧ ರಾತ್ರಿಯ ನಿದ್ದೆ ಮರಳುತ್ತದೆ.

ಹಣದ ನೆರವು ಬೇಗ ಸಿಕ್ಕಷ್ಟೂ ಮಗು ಶಾಲೆಯಲ್ಲಿ ಉಳಿಯುತ್ತದೆ. ಮಕ್ಕಳ ರಕ್ಷಣೆಗಾಗಿ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ (ಸ್ಪಾನ್ಸರ್‌ಶಿಪ್) ತಂದೆಯಿಲ್ಲದ, ವಿಧವೆ ತಾಯಿಯ ಜೊತೆಗಿರುವ ಮಕ್ಕಳಿಗೂ, ಇಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿರುವ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಮರಣ ಪ್ರಮಾಣಪತ್ರ, ಆಧಾರ್, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕ ಜೊತೆಗಿರಲಿ. ಎಲ್ಲವೂ ಮರಣ ಪ್ರಮಾಣಪತ್ರಕ್ಕೇ ತಗುಲಿಕೊಂಡಿರುವುದರಿಂದ ಸಾವಾದ 21 ದಿನದೊಳಗೆ ನೋಂದಣಿ ಮಾಡಿಸಬೇಕು. ಬಿಪಿಎಲ್ ಕುಟುಂಬದ ದುಡಿಯುವ ವ್ಯಕ್ತಿ 18ರಿಂದ 59 ವಯಸ್ಸಿನೊಳಗೆ ತೀರಿಕೊಂಡಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಮ್ಮೆ 20,000 ರೂಪಾಯಿ ಇದೆ. ವಿಧವಾ ವೇತನ ಬೇರೆ. ಈ ಓಡಾಟವನ್ನು ಮಗನ ತಲೆಗೆ ಕಟ್ಟದೆ ಸೋದರಮಾವನೋ ಚಿಕ್ಕಪ್ಪನೋ ಮಾಡಬೇಕು. ಗಂಡ ತೀರಿಕೊಂಡ ಮುಸ್ಲಿಂ ಹೆಣ್ಣುಮಕ್ಕಳು ಪಾಲಿಸುವ ಇದ್ದತ್‌ನಲ್ಲಿ ತಾಯಿ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬಾರದ ಮನೆಗಳಲ್ಲಂತೂ ಎಲ್ಲ ಕಚೇರಿಗೂ ಹುಡುಗನೇ ಅಲೆಯುತ್ತಾನೆ, ಅವನ ಹಾಜರಿ ಹೋಗುವುದೇ ಅಲ್ಲಿ.

ಹೆಣ್ಣುಮಕ್ಕಳ ಮಟ್ಟಿಗೆ ಇನ್ನೊಂದು ಅಪಾಯವಿದೆ. ಮನೆಯಲ್ಲಿ ಸಾವಾದರೆ ವರ್ಷ ತುಂಬುವುದರೊಳಗೆ ಒಂದು ಶುಭಕಾರ್ಯ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ತಡೆ ಎಂಬ ನಂಬಿಕೆ ಇತ್ತ ಕಡೆ ಇನ್ನೂ ಬಲವಾಗಿದೆ. ಹದಿನಾರು ಹದಿನೇಳರ ಹುಡುಗಿಯ ಮದುವೆ ಮಾತು ಶುರುವಾಗುವುದು ಅಲ್ಲಿಂದಲೇ. ತಂದೆ ಸತ್ತ ಆರನೇ ತಿಂಗಳಿಗೆ ಗಂಡನ ಮನೆಗೆ ಹೋದವಳು ಅಳುವುದಕ್ಕೂ ಜಾಗವಿಲ್ಲದೆ ಉಳಿಯುತ್ತಾಳೆ. ಹದಿನೆಂಟರೊಳಗಿನ ಮದುವೆ ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ತಡೆಯುತ್ತಾರೆ. ಆದರೆ ಅಲ್ಲಿಯವರೆಗೆ ಹೋಗುವ ಮೊದಲು ತಾಯಿಯ ಜೊತೆ ಕೂತು ಮಾತಾಡಬಲ್ಲ ಒಬ್ಬ ಹಿರಿಯರು ಬೇಕು, ಏಕೆಂದರೆ ಆ ನಿರ್ಧಾರ ಬಂದಿರುವುದು ಭಯದಿಂದ.

ತಾಯಿ ಹೋದ ಮನೆಯ ಕಷ್ಟದ ರೂಪ ಬೇರೆ. ತಂದೆ ಎಂದೂ ಮಾತಾಡಿದವರಲ್ಲ, ಅಡುಗೆ ಗೊತ್ತಿಲ್ಲ, ಮಗಳ ಮುಟ್ಟಿನ ವಿಷಯ ಕೇಳಲು ಸಂಕೋಚ. ಅತ್ತೆಯೋ ದೊಡ್ಡಮ್ಮನೋ ತಿಂಗಳಿಗೊಮ್ಮೆಯಾದರೂ ಬಂದು ಅವಳ ಜೊತೆ ಒಂದು ದಿನ ಇರುವುದನ್ನು ಗೊತ್ತು ಮಾಡಿಕೊಳ್ಳಬೇಕು. ವರ್ಷದೊಳಗೆ ತಂದೆಯ ಮರುಮದುವೆ ನಡೆಯುವುದೂ ಉಂಟು. ಅದನ್ನು ತಪ್ಪೆನ್ನಲಾಗದು. ಆದರೆ ಮಕ್ಕಳಿಗೆ ಮದುವೆಯ ಮೊದಲೇ ಹೇಳಬೇಕು, ಗೋಡೆಯ ಮೇಲಿನ ಅಮ್ಮನ ಫೋಟೋ ಇಳಿಸಬಾರದು, ಬಂದವರನ್ನು ಅಮ್ಮ ಎನ್ನು ಎಂದು ಒತ್ತಾಯಿಸಬಾರದು.

ಉಳಿದವರೇ ಔಷಧಿ

ಅಮೆರಿಕದ ಅರಿಜೋನಾದಲ್ಲಿ 156 ಕುಟುಂಬಗಳ ಮೇಲೆ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಎಂಟರಿಂದ ಹದಿನಾರು ವಯಸ್ಸಿನ ಮಕ್ಕಳಿಗೂ ಉಳಿದ ಪಾಲಕರಿಗೂ ಹನ್ನೆರಡು ಗುಂಪು ತರಗತಿ ನಡೆಸಿದರು. ಪಾಲಕರಿಗೆ ಕಲಿಸಿದ್ದು ಸರಳ ವಿಷಯ: ಮಗುವಿನ ಜೊತೆ ಸಮಯ ಕಳೆಯುವುದು, ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು, ಮನೆಯ ನಿಯಮಗಳನ್ನು ಸಡಿಲ ಬಿಡದಿರುವುದು, ದೊಡ್ಡವರ ಜಗಳ ಮತ್ತು ಚಿಂತೆಗಳಿಂದ ಮಗುವನ್ನು ದೂರ ಇಡುವುದು. ಆರು ವರ್ಷದ ನಂತರವೂ ಅದರ ಒಳ್ಳೆಯ ಪರಿಣಾಮ ಆ ಮಕ್ಕಳಲ್ಲಿ ಕಂಡಿತು.

ನಮ್ಮ ಮನೆಗಳಿಗೆ ಇದನ್ನು ಹೀಗೆ ತರಬಹುದು. ದಿನಕ್ಕೆ ಹದಿನೈದು ನಿಮಿಷ, ಮೊಬೈಲು ಟಿವಿ ಇಲ್ಲದೆ, ಮಗು ಹೇಳಿದ ವಿಷಯಕ್ಕೆ ಮಾತ್ರ ಕಿವಿ. ಊಟ, ಓದು, ಮಲಗುವ ಹೊತ್ತು ಮೊದಲಿದ್ದಂತೆಯೇ ಇರಲಿ, ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಪಾಪ, ತಂದೆ ಇಲ್ಲದ ಹುಡುಗ ಎಂದು ಕೇಳಿದ್ದೆಲ್ಲ ಕೊಡಿಸುವುದು, ರಾತ್ರಿ ಹನ್ನೆರಡಕ್ಕೆ ಬಂದರೂ ಸುಮ್ಮನಿರುವುದು ಅಕ್ಕರೆಯಂತೆ ಕಂಡರೂ ಮಗುವಿಗೆ ಅದು ಮನೆಯಲ್ಲಿ ಯಾರೂ ಇಲ್ಲ ಎಂದೇ ಕೇಳಿಸುತ್ತದೆ. ಅಮ್ಮ ಮಕ್ಕಳ ಮುಂದೆ ಅಳಬಾರದು ಎಂಬುದೂ ಸರಿಯಲ್ಲ. ಅಳಲಿ, "ಅಪ್ಪನ ನೆನಪಾಯ್ತು ಮಗಾ, ಸ್ವಲ್ಪ ಹೊತ್ತಿಗೆ ಸರಿಹೋಗ್ತೀನಿ" ಎಂದು ಹೇಳಿ ಎದ್ದು ಅಡುಗೆಗೆ ನಿಲ್ಲಲಿ. ದುಃಖ ಬಂದೂ ಹೋಗುತ್ತದೆ ಎಂಬುದನ್ನು ಮಗು ಅಲ್ಲಿ ಕಣ್ಣಾರೆ ಕಲಿಯುತ್ತದೆ. ಎರಡು ವಾರವಾದರೂ ತಾಯಿ ಹಾಸಿಗೆಯಿಂದ ಏಳುತ್ತಿಲ್ಲ, ಉಣ್ಣುತ್ತಿಲ್ಲ ಎಂದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕಾದದ್ದು ಆಕೆಯನ್ನು.

ಶಾಲೆಯಲ್ಲಿ

ಮಗು ಮರಳಿ ಬರುವ ಮೊದಲೇ ಕ್ಲಾಸ್ ಟೀಚರು ಮನೆಗೆ ಹೋಗಿಯೋ ಫೋನಿನಲ್ಲೋ ಒಂದು ಪ್ರಶ್ನೆ ಕೇಳಬೇಕು: ಕ್ಲಾಸಿನವರಿಗೆ ಏನು ಹೇಳಲಿ? ಕೆಲವರಿಗೆ ಎಲ್ಲರಿಗೂ ತಿಳಿಯುವುದು ಬೇಕು, ಕೆಲವರಿಗೆ ಬೇಡ. ಬಂದ ದಿನ ಎಲ್ಲರೆದುರು ನಿಲ್ಲಿಸಿ ಸಾಂತ್ವನ ಹೇಳಬೇಡಿ. ತಡೆಯಲಾಗದಾಗ ಕೇಳದೆ ಎದ್ದು ಹೋಗಿ ಕೂರಲು ಒಂದು ಜಾಗ, ಮಾತಾಡಲು ಒಬ್ಬ ಶಿಕ್ಷಕಿ ಗೊತ್ತಿರಲಿ. ಮೂರು ನಾಲ್ಕು ವಾರ ಹೋಂವರ್ಕ್ ಅರ್ಧ ಸಾಕು, ಪೂರ್ತಿ ಬಿಡಿಸಬೇಡಿ. ಡೈರಿಗೆ "ತಂದೆಯ ಸಹಿ ಹಾಕಿಸಿಕೊಂಡು ಬಾ" ಎಂಬ ಅಭ್ಯಾಸದ ಮಾತು ಬಾಯಿಂದ ಬಾರದಂತೆ ಎಲ್ಲ ವಿಷಯದ ಮೇಷ್ಟ್ರುಗಳಿಗೂ ಮೊದಲೇ ತಿಳಿಸಬೇಕು. ದುಃಖದಲ್ಲಿ ಏಕಾಗ್ರತೆ ಹೋಗುವುದು ಸಹಜ, ಅಂಕ ಇಳಿಯುತ್ತದೆ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಮಗುವಿಗೆ ಬಿಡಿಸಿ ಹೇಳಿ. ಪರೀಕ್ಷೆಯ ಹಿಂದಿನ ವಾರ ಸಾವಾದರೆ ಬರೆಯಲೇಬೇಕೆಂದು ಎಳೆದೊಯ್ಯುವುದೂ ಬೇಡ, ತಡೆಯುವುದೂ ಬೇಡ.

ಜೂನ್ ಬಂತೆಂದು ವಸತಿ ಶಾಲೆಗೋ ಮಠದ ಹಾಸ್ಟೆಲಿಗೋ ಸೇರಿಸಿಬಿಡುವುದು ಬಡ ಕುಟುಂಬಗಳಿಗೆ ಸಹಜವಾದ ದಾರಿ. ಅನಿವಾರ್ಯವಾದರೆ ಸೇರಿಸಿ. ವಾರ್ಡನ್‌ಗೆ ವಿಷಯ ತಿಳಿಸಿ, ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಫೋನು ಮಾಡಿ. ಒಂದು ವಾರವೂ ತಪ್ಪಬಾರದು: ಒಬ್ಬರನ್ನು ಕಳೆದುಕೊಂಡ ಮಗುವಿಗೆ ಬಾರದ ಫೋನೆಂದರೆ ಇನ್ನೊಂದು ಸಾವಿನ ಭಯ.

ಯಾವಾಗ ಆಸ್ಪತ್ರೆ

ಅಳು, ನಿದ್ದೆ ಕೆಡುವುದು, ಅಪ್ಪನ ಅಂಗಿ ಹಾಕಿಕೊಳ್ಳುವುದು, ಧ್ವನಿ ಕೇಳಿದಂತಾಗುವುದು ಮೊದಲ ತಿಂಗಳುಗಳಲ್ಲಿ ಕಾಯಿಲೆಯಲ್ಲ. ದುಃಖ ಅಲೆಯಾಗಿ ಬರುತ್ತದೆ, ನಡುವೆ ನಗುವೂ ಇರುತ್ತದೆ. ಖಿನ್ನತೆಯಲ್ಲಿ ನಡುವೆ ಬಿಡುವಿಲ್ಲ, ನಾನೇ ಪ್ರಯೋಜನವಿಲ್ಲದವನು ಎಂಬ ಮಾತು ಬರುತ್ತದೆ. ದಿನದ ಹೆಚ್ಚು ಹೊತ್ತು, ಎರಡು ವಾರಕ್ಕೂ ಮೀರಿ ಹೀಗಿದ್ದರೆ ವೈದ್ಯರಿಗೆ ತೋರಿಸಿ. ಅಪಘಾತವನ್ನೋ ಸಾವನ್ನೋ ಕಣ್ಣೆದುರು ಕಂಡವರಿಗೆ ತಿಂಗಳಾದರೂ ಅದೇ ದೃಶ್ಯ ಮರುಕಳಿಸುತ್ತಿದ್ದರೆ, ಆ ರಸ್ತೆಯನ್ನೇ ತಪ್ಪಿಸುತ್ತಿದ್ದರೆ ಆಗಲೂ ತೋರಿಸಿ. ಆರು ತಿಂಗಳು ಕಳೆದರೂ ಹಂಬಲ ಒಂದಿಷ್ಟೂ ತಗ್ಗದೆ ಓದು, ಊಟ, ಗೆಳೆತನ ಎಲ್ಲವೂ ನಿಂತಿದ್ದರೆ ಅದಕ್ಕೆ ದೀರ್ಘಕಾಲದ ಶೋಕದ ಕಾಯಿಲೆ ಎಂಬ ಹೆಸರೇ ಇದೆ, ಮಾತಿನ ಚಿಕಿತ್ಸೆಯೂ ಇದೆ. ಕುಡಿತ, ಗುಟ್ಕಾ ಶುರುವಾಗುವುದು, ಬೈಕನ್ನು ಮನಬಂದಂತೆ ಓಡಿಸುವುದು ಗಂಡುಮಕ್ಕಳಲ್ಲಿ ಮೊದಲು ಕಾಣುವ ಗುರುತು.

ಸಾಯುವ ಮಾತು ಬಂದರೆ ಕಾಯಬಾರದು. ನಾನೂ ಅಪ್ಪನ ಹತ್ತಿರ ಹೋಗ್ತೀನಿ ಎಂಬುದು ಎಷ್ಟೋ ಸಲ ಬರೀ ಹಂಬಲ, ಕೆಲವು ಸಲ ನಿರ್ಧಾರ. ಕೇಳದೆ ಗೊತ್ತಾಗುವುದಿಲ್ಲ. "ಬದುಕೋದೇ ಬೇಡ ಅನ್ನಿಸ್ತಿದೆಯಾ? ಸಾಯೋ ಯೋಚನೆ ಬಂದಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಬೆಳೆಗೆ ಹೊಡೆಯುವ ಔಷಧಿ, ಮನೆಯಲ್ಲಿ ಉಳಿದ ಮಾತ್ರೆಗಳು ಬೀಗದಲ್ಲಿರಲಿ, ಆಗದಿದ್ದರೆ ಮನೆಯಿಂದಲೇ ಹೊರಗೆ ಹೋಗಲಿ. ತಂದೆ ತಾಯಿ ಆತ್ಮಹತ್ಯೆಯಿಂದ ತೀರಿಕೊಂಡ ಮನೆಗಳಲ್ಲಿ ಇದು ಮೊದಲ ವಾರದ ಕೆಲಸ. ಅಂಥ ಮನೆಯ ಮಕ್ಕಳಿಗೆ ಸತ್ಯವನ್ನು ಸಣ್ಣದಾಗಿ ಹೇಳಿ: ಅಪ್ಪನಿಗೆ ಮನಸ್ಸಿನ ನೋವು ಕಾಯಿಲೆಯಷ್ಟು ಬೆಳೆದಿತ್ತು, ಸಹಾಯ ಸಿಗಲಿಲ್ಲ, ಅದಕ್ಕೆ ನೀನು ಕಾರಣವಲ್ಲ. ಪರಿಹಾರದ ವಿಚಾರಣೆಗೆ ಅಧಿಕಾರಿಗಳು, ಫೋಟೋ ತೆಗೆಯುವವರು ಬಂದಾಗ ಮಕ್ಕಳನ್ನು ಮುಂದೆ ಕೂರಿಸಬೇಡಿ.

14416, ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ಉಚಿತ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲೂ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗ ಇದೆ. ಜಗಳೂರು, ಮೊಳಕಾಲ್ಮೂರಿನಂಥ ದೂರದ ತಾಲ್ಲೂಕಿನವರು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಕೇಳಿ, ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಕೇಳಿ. ಹೋಗುವಾಗ ನಿದ್ದೆ, ಊಟ, ಶಾಲೆಯ ಹಾಜರಿ ಯಾವ ತಿಂಗಳಿಂದ ಕೆಟ್ಟಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸ್ವಲ್ಪ ಹೊತ್ತು ಮಗುವನ್ನು ವೈದ್ಯರ ಜೊತೆ ಒಂಟಿಯಾಗಿ ಬಿಡಿ. ಬರೀ ದುಃಖಕ್ಕೆ ಮಾತ್ರೆ ಬೇಕಿಲ್ಲ, ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡುವುದಂತೂ ಅಪಾಯ. ಖಿನ್ನತೆಗೆ ವೈದ್ಯರು ಮಾತ್ರೆ ಬರೆದರೆ ಅದು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುತ್ತದೆಯೇ ಎಂದು ಕಣ್ಣಿಡಬೇಕು. ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು.

ಇನ್ನು ಉಳಿದದ್ದು ಎರಡನೇ ವರ್ಷ. ಮೊದಲ ಯುಗಾದಿ, ಮಹಾಲಯ ಅಮಾವಾಸ್ಯೆಯ ಎಡೆ, ವರ್ಷದ ತಿಥಿ, ರಿಸಲ್ಟಿನ ದಿನ ದುಃಖ ಹೊಸದಾಗಿ ಏಳುತ್ತದೆ. ವಾರ ಮೊದಲೇ ಅಂದು ಏನು ಮಾಡೋಣ ಎಂದು ಮಗುವನ್ನು ಕೇಳಿಟ್ಟುಕೊಂಡರೆ ಆ ದಿನ ಹಗುರಾಗುತ್ತದೆ. ಇದಕ್ಕಿಂತ ದೊಡ್ಡ ತೂತು ಇನ್ನೊಂದು ಕಡೆ ಇದೆ. ಹತ್ತನೇ ಕ್ಲಾಸಿನಲ್ಲಿ ಕಳೆದುಕೊಂಡ ಮಗು ಮರುವರ್ಷ ಪಿಯು ಕಾಲೇಜಿಗೆ ಹೋಗುತ್ತದೆ. ಅಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ತೊಂದರೆ ತಲೆ ಎತ್ತುವ ಹೊತ್ತೂ ಅದೇ. ಟಿಸಿ ಕೊಡುವ ದಿನ ಹೈಸ್ಕೂಲಿನ ಕ್ಲಾಸ್ ಟೀಚರು, ಮಗುವಿನ ಒಪ್ಪಿಗೆ ಪಡೆದು, ಹೊಸ ಕಾಲೇಜಿನ ಒಬ್ಬ ಉಪನ್ಯಾಸಕರಿಗೆ ಫೋನು ಮಾಡಿ ಮೂರು ವಿಷಯ ಹೇಳಬೇಕು: ಯಾರು ತೀರಿಕೊಂಡರು, ಯಾವ ತಿಂಗಳು, ಈ ಮಗು ಕಷ್ಟ ಬಂದಾಗ ಯಾರ ಹತ್ತಿರ ಹೋಗುತ್ತಿತ್ತು.